ಹೊತ್ತು ಮೀರಿದ ಊಟ

ಹೋಳೂರು ಹೋಬಳಿಯ ಯಾವ ಊರಿಗೆ ಹೋದರೂ ಒಂದೇ ಬೀದಿಯಲ್ಲಿ ರಾತ್ರಿ ಊಟ ಮೂರು ನಾಲ್ಕು ಹೊತ್ತಿಗೆ ನಡೆಯುತ್ತದೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಹಿರಿಯರು ಏಳೂವರೆಗೆಲ್ಲ ಉಂಡು ಜಗಲಿಗೆ ಬಂದಿರುತ್ತಾರೆ. ಧಾರಾವಾಹಿ ಮುಗಿಯಲಿ ಎಂದು ಕಾಯುವ ಮನೆಯಲ್ಲಿ ಮುದ್ದೆಗೆ ಎಸರಿಡುವುದೇ ಒಂಬತ್ತಕ್ಕೆ. ತ್ರೀಫೇಸ್ ಕರೆಂಟನ್ನು ರಾತ್ರಿ ಕೊಟ್ಟ ದಿನ ಟೊಮೆಟೊ ತೋಟಕ್ಕೆ ನೀರು ಬಿಡಲು ಹೋದವನು ಹತ್ತೂವರೆಗೆ ಬಂದು ಕೈ ತೊಳೆಯುತ್ತಾನೆ. ನರಸಾಪುರದಲ್ಲಿ ಎರಡನೇ ಪಾಳಿ ಮುಗಿಸಿದ ಹುಡುಗ ಕಂಪನಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ನಡುರಾತ್ರಿ. ನಾಲ್ವರ ತಟ್ಟೆಯಲ್ಲೂ ಅದೇ ಮುದ್ದೆ, ಅದೇ ಬಸ್ಸಾರು. ಹೊಟ್ಟೆಗೆ ಬಿದ್ದ ಮೇಲೆ ಆ ಮುದ್ದೆ ನಾಲ್ವರಲ್ಲೂ ಒಂದೇ ಕೆಲಸ ಮಾಡುತ್ತದೆಯೆ?

ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಎರಡು ಪ್ರಶ್ನೆಗಳಲ್ಲೇ ಆಹಾರ ವಿಜ್ಞಾನ ಬಹುಕಾಲ ಕಳೆಯಿತು. ಯಾವ ಹೊತ್ತಿಗೆ ತಿನ್ನಬೇಕು ಎಂಬುದು ಸುಮಾರು 25 ವರ್ಷಗಳಿಂದ ಗಂಭೀರ ಸಂಶೋಧನೆಯ ವಿಷಯವಾಗಿದೆ. ಅದರ ಜೊತೆಗೇ ಮೊಬೈಲಿನಲ್ಲಿ ಹರಿದಾಡುವ ‘ಹದಿನಾರು ಗಂಟೆ ಉಪವಾಸ’ದ ಉಪದೇಶಗಳೂ ಬಂದಿವೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್ ಬೆಂಬಲದ ದೊಡ್ಡ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಇಂಥ ಕಾಲದಲ್ಲಿ ಊಟದ ಹೊತ್ತಿನ ಬಗ್ಗೆ ಗಟ್ಟಿಯಾಗಿ ತಿಳಿದಿರುವುದೇನು, ಜೊಳ್ಳು ಯಾವುದು, ಕೋಲಾರದ ಕಡೆಯ ಬದುಕಿಗೆ ಅದರಲ್ಲಿ ಒಗ್ಗುವುದೆಷ್ಟು ಎಂದು ನೋಡುವುದು ಈ ಲೇಖನದ ಉದ್ದೇಶ.

ಒಳಗಿನ ಗಡಿಯಾರಗಳು

ಮನುಷ್ಯನ ಮಿದುಳಿನಲ್ಲಿ ಕಣ್ಣಿನ ನರಗಳು ಕೂಡುವ ಜಾಗದ ಮೇಲೆ ಒಂದು ಪುಟ್ಟ ಗಡಿಯಾರವಿದೆ. ಬೆಳಕು ಅದನ್ನು ದಿನವೂ ತಿದ್ದುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮ ಪ್ರಶ್ನೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಯಕೃತ್ತು, ಮೇದೋಜೀರಕ ಗ್ರಂಥಿ, ಸ್ನಾಯು, ಕೊಬ್ಬು ಇವೆಲ್ಲಕ್ಕೂ ತಮ್ಮದೇ ಗಡಿಯಾರಗಳಿವೆ, ಮತ್ತು ಅವು ಬೆಳಕಿಗಿಂತ ಹೆಚ್ಚಾಗಿ ಊಟದ ಮಾತು ಕೇಳುತ್ತವೆ. ರಾತ್ರಿ ತಿನ್ನುವ ಜೀವಿಯಾದ ಇಲಿಗೆ ಹಗಲಲ್ಲಿ ಮಾತ್ರ ಆಹಾರ ಕೊಟ್ಟಾಗ ಮಿದುಳಿನ ಗಡಿಯಾರ ಕದಲಲಿಲ್ಲ, ಯಕೃತ್ತಿನ ಗಡಿಯಾರ ತಲೆಕೆಳಗಾಯಿತು. 2000ದ ಸುಮಾರಿಗೆ ಬಂದ ಈ ಪ್ರಯೋಗಗಳೇ ಮುಂದಿನ ಎಲ್ಲ ಸಂಶೋಧನೆಗೆ ತಳಪಾಯ. ಅವೇಳೆಯಲ್ಲಿ ಉಂಡರೆ ಒಂದೇ ದೇಹದೊಳಗೆ ಎರಡು ಹೊತ್ತು ನಡೆಯತೊಡಗುತ್ತದೆ.

ಇದರ ಪರಿಣಾಮ ರಕ್ತದ ಸಕ್ಕರೆಯಲ್ಲಿ ಕಾಣುತ್ತದೆ. ಬೆಳಿಗ್ಗೆ ಇನ್ಸುಲಿನ್ ಚುರುಕಾಗಿ ಹೊರಬರುತ್ತದೆ. ಕತ್ತಲಾಗುತ್ತ ಬಂದಂತೆ ನಿಧಾನವಾಗುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ಆರೋಗ್ಯವಂತರಿಗೆ ಒಂದೇ ಊಟವನ್ನು ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಕೊಟ್ಟು ಅಳೆದಾಗ, ಊಟದ ನಂತರದ ಸಕ್ಕರೆ ರಾತ್ರಿ 17 ಶೇಕಡದಷ್ಟು ಹೆಚ್ಚಿತ್ತು (2015). ನಿದ್ದೆಗೆ ಒಂದೆರಡು ಗಂಟೆ ಮೊದಲೇ ಏರತೊಡಗುವ ಮೆಲಟೋನಿನ್ ಎಂಬ ಹಾರ್ಮೋನು ಇನ್ಸುಲಿನ್ನಿನ ಕೈ ಕಟ್ಟುತ್ತದೆ. ಸ್ಪೇನಿನಲ್ಲಿ 845 ಜನರಿಗೆ ಮಲಗುವ ನಾಲ್ಕು ಗಂಟೆ ಮೊದಲು ಒಂದು ದಿನ, ಒಂದು ಗಂಟೆ ಮೊದಲು ಇನ್ನೊಂದು ದಿನ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದರು (2022). ತಡವಾಗಿ ಕುಡಿದ ದಿನ ಇನ್ಸುಲಿನ್ ಕಡಿಮೆ, ಸಕ್ಕರೆ ಹೆಚ್ಚು. ಮೆಲಟೋನಿನ್‌ಗೆ ಸಂಬಂಧಿಸಿದ ಒಂದು ಜೀನಿನ ನಿರ್ದಿಷ್ಟ ಬಗೆಯನ್ನು ಹೊತ್ತವರಲ್ಲಿ ಈ ಅಂತರ ಇನ್ನೂ ಎದ್ದು ಕಂಡಿತು.

ಮುಳಬಾಗಿಲು ದೋಸೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ತಿಂದರೂ ರಾತ್ರಿ ಹತ್ತಕ್ಕೆ ತಿಂದರೂ ಅದರ ತುಪ್ಪ, ಅದರ ಕ್ಯಾಲೊರಿ ಅಷ್ಟೇ. ರಕ್ತದಲ್ಲಿ ಅದು ಏರುವ ಎತ್ತರ, ಇಳಿಯಲು ಹಿಡಿಯುವ ಹೊತ್ತು ಬೇರೆ. ಇಷ್ಟರ ಮಟ್ಟಿಗೆ ವಿಜ್ಞಾನಿಗಳಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಜಗಳ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ: ಊಟದ ಹೊತ್ತು ಬದಲಿಸಿದರೆ ತೂಕ ಇಳಿಯುತ್ತದೆಯೆ, ಕಾಯಿಲೆ ತಪ್ಪುತ್ತದೆಯೆ?

ಇಲಿಗೆ ಆದದ್ದು ಮನುಷ್ಯನಿಗೆ

ಒಡಿಶಾದಿಂದ ಹೋಗಿ ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ನೆಲೆಸಿದ ಸಚ್ಚಿದಾನಂದ ಪಂಡಾ ಅವರ ತಂಡ 2012ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಜಗತ್ತಿನ ಗಮನ ಸೆಳೆಯಿತು. ಎರಡು ಗುಂಪಿಗೂ ಅದೇ ಕೊಬ್ಬಿನ ಆಹಾರ, ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ. ಒಂದು ಗುಂಪು ಬೇಕೆಂದಾಗ ತಿಂದಿತು. ಇನ್ನೊಂದಕ್ಕೆ ಅದು ಎಚ್ಚರವಿರುವ ಎಂಟು ಗಂಟೆಯಲ್ಲಿ ಮಾತ್ರ ತಿನ್ನಲು ಬಿಟ್ಟರು. ಮೊದಲ ಗುಂಪು ಬೊಜ್ಜು ಬಂದು, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಕೆಟ್ಟಿತು. ಎರಡನೆಯದು ಬಹುಪಾಲು ಪಾರಾಯಿತು.

ಮನುಷ್ಯರು ದಿನದಲ್ಲಿ ಎಷ್ಟು ಹೊತ್ತು ತಿನ್ನುತ್ತಾರೆ ಎಂದು ಅದೇ ತಂಡ ಮೊಬೈಲ್ ಫೋಟೊಗಳ ಮೂಲಕ 2015ರಲ್ಲಿ ನೋಡಿತು. ಮೂರು ಹೊತ್ತಿನ ಊಟ ಎಂದು ಹೇಳಿಕೊಳ್ಳುವವರಲ್ಲಿ ಅರ್ಧದಷ್ಟು ಜನ ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಹದಿನಾಲ್ಕು ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಬಾಯಾಡಿಸುತ್ತಿದ್ದರು. ಅಮೆರಿಕದವರ ಚಾಳಿ ಎಂದು ನಗುವ ಮೊದಲು ನಮ್ಮ ಲೆಕ್ಕ ನೋಡಬೇಕು. ಬೆಳಿಗ್ಗೆ ಆರಕ್ಕೆ ಹಾಲು ಹಾಕಿ ಬಂದು ಸಕ್ಕರೆ ಹಾಕಿದ ಟೀ, ಜೊತೆಗೆ ಬನ್ನು, ಹತ್ತಕ್ಕೆ ತಿಂಡಿ, ಎರಡೂವರೆಗೆ ಊಟ, ಐದಕ್ಕೆ ಮತ್ತೆ ಟೀ, ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ, ರಾತ್ರಿ ಹತ್ತಕ್ಕೆ ಮುದ್ದೆ. ಶ್ರೀನಿವಾಸಪುರದ ಮಾವಿನ ಕಾಲವಾದರೆ ಅದರ ಮೇಲೊಂದು ಬಾದಾಮಿ ಹಣ್ಣು. ಒಟ್ಟು ಹದಿನಾರು ಗಂಟೆ. ಅಷ್ಟು ಹೊತ್ತೂ ಮೇದೋಜೀರಕ ಗ್ರಂಥಿಗೆ ಬಿಡುವಿಲ್ಲ.

ಈ ಹರವನ್ನು ಕುಗ್ಗಿಸಿದರೆ? 2018ರಲ್ಲಿ ಅಲಬಾಮಾದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಎಂಟು ಗಂಡಸರಿಗೆ ಐದು ವಾರ ಬೆಳಗಿನಿಂದ ಮಧ್ಯಾಹ್ನ ಮೂರರೊಳಗೆ, ಆರು ಗಂಟೆಯಲ್ಲಿ ಊಟ ಮುಗಿಸಲು ಹೇಳಿದರು. ತೂಕ ಇಳಿಯದಂತೆ ಆಹಾರ ಕೊಟ್ಟರು. ಆದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ರಕ್ತದೊತ್ತಡ ಇಳಿಯಿತು. ಹೊತ್ತಿಗೇ ಒಂದು ಸ್ವಂತ ಗುಣವಿದೆ ಎನ್ನುವುದಕ್ಕೆ ಇದಕ್ಕಿಂತ ನಿಚ್ಚಳ ಸಾಕ್ಷಿ ಕಡಿಮೆ. ಆದರೆ ಅವರು ಎಂಟೇ ಜನ; ಮೂರು ಗಂಟೆಗೇ ದಿನದ ಕೊನೆಯ ಊಟ ಮುಗಿಸಬಲ್ಲ ಮನೆ ಕೋಲಾರದಲ್ಲಂತೂ ಸಿಗುವುದು ಕಷ್ಟ.

ದೊಡ್ಡ ಪ್ರಯೋಗಗಳು ಉತ್ಸಾಹಕ್ಕೆ ತಣ್ಣೀರು ಎರಚಿದವು. 2020ರಲ್ಲಿ 116 ಜನರ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲಿ ಒಂದು ಗುಂಪು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ತಿಂದಿತು. ಹನ್ನೆರಡು ವಾರದ ಕೊನೆಗೆ ಮೂರು ಹೊತ್ತು ತಿಂದವರಿಗೂ ಇವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಚೀನಾದ ಗುವಾಂಗ್ಝೌನಲ್ಲಿ ಬೊಜ್ಜಿರುವ 139 ಜನರನ್ನು ಒಂದು ವರ್ಷ ನೋಡಿದರು. ಎಲ್ಲರಿಗೂ ಕ್ಯಾಲೊರಿ ಕಡಿತ, ಅರ್ಧ ಜನರಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಗಡುವು. ಗಡುವಿದ್ದವರು 8 ಕಿಲೊ, ಇಲ್ಲದವರು 6.3 ಕಿಲೊ ಇಳಿದರು; ಆ ಅಂತರ ಆಕಸ್ಮಿಕವೂ ಇರಬಹುದು ಎಂದಿತು ಸಂಖ್ಯಾಶಾಸ್ತ್ರ. 2024ರಲ್ಲಿ ಪಂಡಾ ಅವರ ತಂಡವೇ ಬೊಜ್ಜು, ಬಿಪಿ, ಸಕ್ಕರೆಯಂಥ ತೊಂದರೆಗಳು ಜೊತೆಗೂಡಿದ್ದ 108 ಜನರಲ್ಲಿ ಎಂಟರಿಂದ ಹತ್ತು ಗಂಟೆಯ ಊಟದ ಗಡುವನ್ನು ಪರೀಕ್ಷಿಸಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಇಳಿದದ್ದು 0.1ರಷ್ಟು. ಲಾಭ ಇದೆ, ಚಿಕ್ಕದು.

ಅತ್ತ ಹೆದರಿಕೆಯ ಸುದ್ದಿಯೂ ಬಂತು. ದಿನಕ್ಕೆ ಎಂಟು ಗಂಟೆಗಿಂತ ಕಡಿಮೆ ಹೊತ್ತು ತಿನ್ನುವವರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದು 2024ರಲ್ಲಿ ಅಮೆರಿಕದ ಹೃದ್ರೋಗ ಸಂಘದ ಸಭೆಯಲ್ಲಿ ಮಂಡನೆಯಾಯಿತು. ಅದರ ಆಧಾರ ಜನ ಎರಡು ದಿನದ ಊಟವನ್ನು ನೆನಪಿಸಿಕೊಂಡು ಹೇಳಿದ ಮಾತು. ಕಾಯಿಲೆಯಿಂದಲೋ ಬಡತನದಿಂದಲೋ ಊಟ ತಪ್ಪಿದವರೂ ಅದರಲ್ಲಿ ಸೇರಿರಬಹುದು. ಅದನ್ನು ತೀರ್ಪು ಎಂದು ಹಿಡಿಯುವುದು ಅವಸರ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟರೆ ಒಂದು ಗೆರೆ ಕಾಣುತ್ತದೆ. ಊಟದ ಗಡುವಿನಿಂದ ತೂಕ ಇಳಿಯುವುದು ಬಹುಪಾಲು ಅದರಿಂದ ಒಟ್ಟು ತಿನ್ನುವುದು ಕಡಿಮೆಯಾಗುವ ಕಾರಣಕ್ಕೆ. ಗಡುವು ದಿನದ ಮೊದಲ ಭಾಗದಲ್ಲಿದ್ದರೆ ಸಕ್ಕರೆ, ಬಿಪಿಗಳಲ್ಲಿ ಇನ್ನಷ್ಟು ಸಣ್ಣ ಲಾಭ ಸೇರುತ್ತದೆ. ಬೆಳಗಿನದನ್ನು ಬಿಟ್ಟು ರಾತ್ರಿ ತುಂಬ ತಿನ್ನುವ ಗಡುವಿನಿಂದ ಆ ಲಾಭ ಬರುವುದು ಅನುಮಾನ.

ತಿಂಡಿಯ ವ್ಯಾಜ್ಯ

ಹಾಗಾದರೆ ಬೆಳಗಿನ ತಿಂಡಿ ಕಡ್ಡಾಯವೆ? ಹದಿಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ, ತಿಂಡಿ ತಿನ್ನುವವರೇ ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚು ತಿನ್ನುತ್ತಾರೆ ಎಂದಿತು. ತಿಂಡಿ ಬಿಟ್ಟರೆ ದಪ್ಪಗಾಗುತ್ತಾರೆ ಎಂಬ ಹಳೆಯ ಮಾತಿಗೆ ಅಲ್ಲಿಗೆ ಪೆಟ್ಟು ಬಿತ್ತು. ಆದರೆ ಸಕ್ಕರೆ ಕಾಯಿಲೆ ಇರುವವರು ತಿಂಡಿ ತಪ್ಪಿಸಿದಾಗ ಮಧ್ಯಾಹ್ನದ ಊಟದ ನಂತರ ಸಕ್ಕರೆ ಹೆಚ್ಚು ಏರುತ್ತದೆ ಎಂದು ಇಸ್ರೇಲಿನ ಪ್ರಯೋಗ ತೋರಿಸಿದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 30 ಜನ ನಾಲ್ಕು ವಾರ ದಿನದ ಊಟದ ದೊಡ್ಡ ಪಾಲನ್ನು ಬೆಳಿಗ್ಗೆ ತಿಂದರು, ಇನ್ನು ನಾಲ್ಕು ವಾರ ರಾತ್ರಿ ತಿಂದರು (2022). ತೂಕ ಎರಡರಲ್ಲೂ ಅಷ್ಟೇ ಇಳಿಯಿತು, ಆದರೆ ಬೆಳಿಗ್ಗೆ ದೊಡ್ಡ ಊಟ ಮಾಡಿದಾಗ ದಿನವಿಡೀ ಹಸಿವು ಕಡಿಮೆಯಿತ್ತು. ನಮ್ಮ ಮಟ್ಟಿಗೆ ಈ ಕಡೆಯ ಸಂಗತಿಯೇ ಉಪಯೋಗದ್ದು. ಹಸಿವು ಕಡಿಮೆಯಿದ್ದವನಿಗೆ ಸಂಜೆಯ ಬಜ್ಜಿಯನ್ನು ದಾಟಿ ಮನೆಗೆ ಬರುವುದು ಸುಲಭ.

ಹಿಂದಿನವರ ಹೊತ್ತು

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆ ಗೊತ್ತಿಲ್ಲದವರಿಲ್ಲ. ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವರ ಕಾರಣ ಅಹಿಂಸೆ, ಮೇದೋಜೀರಕವಲ್ಲ. ಆದರೂ ಪ್ರಯೋಗಶಾಲೆಯ ‘ಬೇಗ ಮುಗಿಸುವ ಊಟ’ಕ್ಕೆ ಅದಕ್ಕಿಂತ ಹತ್ತಿರದ ಪದ್ಧತಿ ಇನ್ನೊಂದಿಲ್ಲ. ನಮ್ಮ ಅಕ್ಷಾಂಶದಲ್ಲಿ ಅದನ್ನು ಪಾಲಿಸುವುದು ಯುರೋಪಿನಷ್ಟು ಕಷ್ಟವೂ ಅಲ್ಲ: ಕೋಲಾರದಲ್ಲಿ ವರ್ಷವಿಡೀ ಸೂರ್ಯಾಸ್ತ ಸಂಜೆ ಐದೂಮುಕ್ಕಾಲರಿಂದ ಏಳರೊಳಗೇ ಆಡುತ್ತದೆ. ಶನಿವಾರದ, ಸಂಕಷ್ಟಿಯ ಒಪ್ಪತ್ತಿನ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾಗದು. ಹಗಲೆಲ್ಲ ಹಸಿದಿದ್ದು ಚಂದ್ರ ಕಂಡ ಮೇಲೆ ಹೊಟ್ಟೆ ತುಂಬ ಉಣ್ಣುವುದು ದೇಹದ ಗಡಿಯಾರಕ್ಕೆ ವಿರುದ್ಧ. ಫಲಾಹಾರದ ಹೆಸರಿನ ಅವಲಕ್ಕಿ ಉಪ್ಪಿಟ್ಟಿನ ತಟ್ಟೆಯೂ ಊಟದ ತಟ್ಟೆಗಿಂತ ಚಿಕ್ಕದಿರುವುದಿಲ್ಲ.

ಬಯಲುಸೀಮೆಯ ರೈತರ ಹಳೆಯ ದಿನಚರಿಯಲ್ಲಿ ಬೆಳಿಗ್ಗೆ ತಂಗಳಿಟ್ಟು ಮಜ್ಜಿಗೆ, ನಡುಮಧ್ಯಾಹ್ನ ಹೊಲಕ್ಕೆ ಬಂದ ಮುದ್ದೆ, ದೀಪ ಹಚ್ಚುವ ಹೊತ್ತಿಗೆ ರಾತ್ರಿಯೂಟ. ಸೀಮೆಎಣ್ಣೆ ದುಬಾರಿಯಾದ್ದರಿಂದ ಬೇಗ ಉಂಡು ಬೇಗ ಮಲಗುತ್ತಿದ್ದರು. ಇದನ್ನು ನೆನೆದು ಹಿಂದಿನವರ ಜ್ಞಾನ ಎಂದು ಕೊಂಡಾಡುವುದು ಸುಲಭ. ಆದರೆ ಅವರನ್ನು ಕಾಪಾಡಿದ್ದು ಊಟದ ಹೊತ್ತೊಂದೇ ಅಲ್ಲ. ಹಗಲಿಡೀ ಮೈಮುರಿಯುವ ದುಡಿಮೆಯಿತ್ತು, ತಿನ್ನಲು ಹೆಚ್ಚಿರಲೂ ಇಲ್ಲ. ಬರಗಾಲದ ಹಸಿವನ್ನು ಆರೋಗ್ಯದ ಉಪವಾಸವೆಂದು ಹೊಗಳುವುದು ಅವರಿಗೆ ಮಾಡುವ ಅನ್ಯಾಯ.

ಈ ಹೊತ್ತನ್ನು ಮೊದಲು ಕದಲಿಸಿದ್ದೂ ಇದೇ ಜಿಲ್ಲೆಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಕೆಜಿಎಫ್ ಬೆಳಗಿತು. ಸೂರ್ಯನ ಹಂಗಿಲ್ಲದ ನೆಲದಾಳದಲ್ಲಿ ಪಾಳಿಯಲ್ಲಿ ದುಡಿದು, ಪಾಳಿ ಬಿಟ್ಟ ಹೊತ್ತಿಗೆ ಉಣ್ಣುವ ಬದುಕನ್ನು ಗಣಿಯ ಲೈನುಗಳು ಒಂದು ಶತಮಾನ ಕಂಡವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿ ಮಾತ್ರ ಜಿಲ್ಲೆಯನ್ನು ಬಿಟ್ಟು ಹೋಗಲಿಲ್ಲ.

ಪಾಳಿಯವರ ಪಾಡು

2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಅಲ್ಲೇ ವಿಸ್ಟ್ರಾನ್ ಕಟ್ಟಿದ ಐಫೋನ್ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳೂ ಸೇರಿ ಸುತ್ತಲ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಪಾಳಿ ಕೆಲಸ ಇಂದು ಸಾಮಾನ್ಯ ಸಂಗತಿ. ಪಾಳಿ ಕೆಲಸಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಊಟದ ಹೊತ್ತಿನ ಸಂಶೋಧನೆಯಿಂದ ಅತಿ ಹೆಚ್ಚು ಪ್ರಯೋಜನ ಆಗಬೇಕಾದದ್ದು ಇವರಿಗೆ.

ಇವರ ಪ್ರಶ್ನೆಗೆ 2021ರ ಬಾಸ್ಟನ್ ಪ್ರಯೋಗದಲ್ಲಿ ಉತ್ತರದ ಎಳೆಯಿದೆ. 19 ಆರೋಗ್ಯವಂತರನ್ನು ರಾತ್ರಿ ಪಾಳಿಯಂತೆ ಎಚ್ಚರವಿಟ್ಟರು. ರಾತ್ರಿಯಲ್ಲೂ ಉಂಡವರ ಸರಾಸರಿ ಸಕ್ಕರೆ 6.4 ಶೇಕಡ ಏರಿತು. ಅಷ್ಟೇ ಆಹಾರವನ್ನು ಹಗಲಲ್ಲಿ ಮಾತ್ರ ತಿಂದು ರಾತ್ರಿ ಎಚ್ಚರವಿದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇಪ್ಪತ್ನಾಲ್ಕು ಗಂಟೆ ಪಾಳಿಯವರೂ ಹತ್ತು ಗಂಟೆಯ ಊಟದ ಗಡುವನ್ನು ಹನ್ನೆರಡು ವಾರ ಪಾಲಿಸಬಲ್ಲರು ಎಂದು ಅಮೆರಿಕದ 137 ಅಗ್ನಿಶಾಮಕ ಸಿಬ್ಬಂದಿಯನ್ನು ಒಳಗೊಂಡ ಪ್ರಯೋಗದಿಂದ 2022ರಲ್ಲಿ ತಿಳಿಯಿತು. ಎಂದರೆ ರಾತ್ರಿ ಪಾಳಿಗೆ ಹೋಗುವವರು ಬಸ್ ಹತ್ತುವ ಮೊದಲು ಮನೆಯಲ್ಲಿ ಪೂರ್ತಿ ಊಟ ಮಾಡಿ, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅನ್ನ, ಪೂರಿ, ಸಿಹಿ ಟೀಗಳನ್ನು ಬಿಟ್ಟು ಮೊಟ್ಟೆ, ಕಾಳು, ಮಜ್ಜಿಗೆಯಂಥ ಹಗುರವಾದದ್ದರಲ್ಲಿ ಮುಗಿಸುವುದು ಒಳ್ಳೆಯದು. ಅದಕ್ಕೆ ಕಾರ್ಮಿಕರ ಮನಸ್ಸೊಂದಿದ್ದರೆ ಸಾಲದು. ದೊಡ್ಡ ಕಾರ್ಖಾನೆಗಳು ಕ್ಯಾಂಟೀನು ನಡೆಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ನಿಯಮವಿದೆ. ರಾತ್ರಿ ಎರಡಕ್ಕೆ ಅಲ್ಲಿ ಏನು ಬಡಿಸುತ್ತಾರೆ ಎಂಬುದು ಅಡುಗೆಯವರ ಅನುಕೂಲಕ್ಕೆ ಬಿಟ್ಟ ವಿಷಯವಾಗಬಾರದು.

ಮಾತ್ರೆ ನುಂಗುವವರು

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಈ ಲೇಖನದ ಅತಿ ಮುಖ್ಯ ಮಾತು ಇಲ್ಲಿದೆ. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಔಷಧಿಗಳು ಊಟ ಬರುತ್ತದೆ ಎಂದು ನಂಬಿ ಕೆಲಸ ಶುರುಮಾಡುತ್ತವೆ. ಊಟ ತಡವಾದರೆ ಸಕ್ಕರೆ ಕುಸಿದು ಬೆವರು, ನಡುಕ, ಮಂಕು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಎಲ್ಲರೂ ಉಂಡ ಮೇಲೆ ಉಣ್ಣುವ ಅಮ್ಮಂದಿರಿಗೆ ಈ ಅಪಾಯ ಹೆಚ್ಚು: ಮಾತ್ರೆ ಎಂಟಕ್ಕೆ, ಮುದ್ದೆ ಹತ್ತಕ್ಕೆ. ಇಂಥವರು ಯೂಟ್ಯೂಬ್ ನೋಡಿ ಹದಿನಾರು ಗಂಟೆಯ ಉಪವಾಸಕ್ಕೆ ಕೂರುವುದು ಅಪಾಯದ ಆಟ. ರಂಜಾನ್ ಉಪವಾಸ ಹಿಡಿಯುವವರ ವಿಷಯದಲ್ಲಿ ವೈದ್ಯಲೋಕ ಸ್ಪಷ್ಟ ಮಾರ್ಗಸೂಚಿಗಳನ್ನೇ ರೂಪಿಸಿದೆ: ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣುವುದು, ಸೆಹರಿ ಮತ್ತು ಇಫ್ತಾರಿಗೆ ತಕ್ಕಂತೆ ಔಷಧಿಯ ಪ್ರಮಾಣ ಬದಲಿಸುವುದು, ಉಪವಾಸದಲ್ಲೂ ಬೆರಳು ಚುಚ್ಚಿ ಸಕ್ಕರೆ ನೋಡುವುದು, ತೀರಾ ಇಳಿದರೆ ಉಪವಾಸ ಮುರಿಯುವುದು. ಒಪ್ಪತ್ತು, ಏಕಾದಶಿ, ಶಿವರಾತ್ರಿಯವರಿಗೂ ಇದೇ ಎಚ್ಚರ ಬೇಕು. ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು, ಬಡಕಲು ಮೈಯ ವೃದ್ಧರು ಈ ಗಡುವಿನ ಸಹವಾಸಕ್ಕೆ ಹೋಗದಿರುವುದೇ ಲೇಸು.

ಹೊತ್ತಿಗಿಂತ ಮೊದಲು ತಟ್ಟೆ

ಹೊತ್ತಿನ ಮಾತಿನಲ್ಲಿ ತಟ್ಟೆಯನ್ನು ಮರೆಯಬಾರದು. ರಾಗಿಯಲ್ಲಿ ನಾರಿದೆ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗೆಂದು ಮುದ್ದೆ ಸಕ್ಕರೆ ಏರಿಸುವುದೇ ಇಲ್ಲ ಎಂಬ ನಂಬಿಕೆ ತಪ್ಪು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಪಿಷ್ಟದ ಗುಡ್ಡೆಯೇ. ಅದರ ಮೇಲೆ ಅನ್ನ ಬಿದ್ದರೆ ಎರಡು ಗುಡ್ಡೆ. ಅದರೊಡನೆ ಸೊಪ್ಪು, ಕಾಳು, ಮೊಳಕೆ ಹೆಚ್ಚಿದಷ್ಟೂ ಏರುವ ವೇಗ ತಗ್ಗುತ್ತದೆ. ಬಸ್ಸಾರಿನ ಪಲ್ಯವನ್ನು ಮೊದಲು ತಿಂದು ಮುದ್ದೆಗೆ ಕೈ ಹಾಕುವುದೂ ಇದೇ ಲೆಕ್ಕದ್ದು. ಸಕ್ಕರೆ ಕಾಯಿಲೆಯ ಅಪಾಯವಿದ್ದ ವೃದ್ಧರು ಪ್ರತಿ ಊಟದ ಮೇಲೆ ಹದಿನೈದು ನಿಮಿಷ ನಡೆದಾಗ ರಾತ್ರಿಯೂಟದ ನಂತರದ ಸಕ್ಕರೆ ಹತೋಟಿಗೆ ಬಂದದ್ದನ್ನು 2013ರ ಒಂದು ಸಣ್ಣ ಪ್ರಯೋಗ ತೋರಿಸಿದೆ. ತಡವಾಗಿ ಉಣ್ಣುವುದು ತಪ್ಪದವರಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಯಾರು ಏನು ಬದಲಿಸಬೇಕು

ಏನು ಮತ್ತು ಎಷ್ಟು ಎಂಬವೇ ಮೊದಲ ಸ್ಥಾನದಲ್ಲಿವೆ. ಹೊತ್ತು ಅವುಗಳ ನಂತರದ್ದು. ಆದರೆ ಹೊತ್ತನ್ನು ಬದಲಿಸಲು ದುಡ್ಡು ಬೇಕಿಲ್ಲ. ಟೀವಿಯ ಕಾರಣಕ್ಕೆ ತಡವಾಗುವ ಮನೆ ಎಂಟರೊಳಗೆ ಉಣ್ಣುವುದು ಮನಸ್ಸು ಮಾಡಿದ ದಿನವೇ ಆಗುವ ಕೆಲಸ. ದೊಡ್ಡ ಊಟವನ್ನು ಹಗಲಿಗೆ ತಂದು ರಾತ್ರಿಯದನ್ನು ಕುಗ್ಗಿಸುವುದೂ ಹಾಗೆಯೇ.

ಉಳಿದವರ ಗಡಿಯಾರ ಅವರ ಕೈಯಲ್ಲಿಲ್ಲ. ರಾತ್ರಿ ತ್ರೀಫೇಸ್ ಕಾಯುವ ರೈತನಿಗೆ ಬೇಗ ಉಣ್ಣು ಎಂದು ಹೇಳುವುದಕ್ಕಿಂತ ಹಗಲಲ್ಲಿ ಕರೆಂಟು ಕೊಡುವುದು ಮೇಲು. ಪಿಎಂ ಕುಸುಮ್ ಯೋಜನೆಯಡಿ ಪಂಪ್‌ಸೆಟ್ಟುಗಳಿಗೆ ಹಗಲಿನ ಸೌರ ವಿದ್ಯುತ್ತು ಬಂದಲ್ಲಿ ಅದು ನೀರಾವರಿಯ ಸುಧಾರಣೆಯಷ್ಟೇ ಆರೋಗ್ಯದ ಸುಧಾರಣೆಯೂ ಹೌದು. 2024ರಲ್ಲಿ ಕೋಲಾರ ಜಿಲ್ಲೆಯಲ್ಲೇ ಪ್ರಾಯೋಗಿಕವಾಗಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ರಾತ್ರಿ ಊಟ ಎಷ್ಟು ಹೊತ್ತಿಗೆ, ಮಾತ್ರೆ ಎಷ್ಟು ಹೊತ್ತಿಗೆ ಎಂಬ ಎರಡು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರು ಅಲ್ಲೇ ಕೇಳಿ ಬರೆದುಕೊಂಡರೆ ಖರ್ಚಿಲ್ಲದೆ ದೊಡ್ಡ ಮಾಹಿತಿ ಕೈಗೆ ಬರುತ್ತದೆ. ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಯಾವುದೂ ಮುದ್ದೆ ಉಣ್ಣುವವರ ಮೇಲೆ ನಡೆದದ್ದಲ್ಲ. ಬೆಳಿಗ್ಗೆಯ ಮುದ್ದೆ, ರಾತ್ರಿಯ ಮುದ್ದೆಗಳನ್ನು ಹೋಲಿಸಿ ನೋಡಲು ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಸುತ್ತಮುತ್ತಲ ಹಳ್ಳಿಗಳಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಅಂಥ ಉತ್ತರ ಬರುವವರೆಗೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು: ದೊಡ್ಡ ಮುದ್ದೆ ಹಗಲಿಗೆ, ಸಣ್ಣದು ರಾತ್ರಿಗೆ, ಅದೂ ಮಲಗುವ ಮೂರು ಗಂಟೆ ಮೊದಲು. ಕೆಲಸದ ಕಾರಣಕ್ಕೆ ಹಾಗೆ ಉಣ್ಣಲಾಗದವರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಅವರ ಹೊತ್ತನ್ನು ಗೊತ್ತುಮಾಡುವ ಕಾರ್ಖಾನೆಗೂ ವಿದ್ಯುತ್ ಇಲಾಖೆಗೂ ಆ ಉಪದೇಶ ಸಲ್ಲಬೇಕು.